ಆ ಬಿಳಿ ಮುಖವಾಡ ಮಾಟಗಾರರದ್ದಲ್ಲ

ಉದ್ದ ಮುಖದ, ಬಿಳಿ ಬಣ್ಣದ ಆಫ್ರಿಕನ್ ಮುಖವಾಡವೊಂದರ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. 'ಮಾಟ ಮಾಡುವವರು ಹಾಕಿಕೊಳ್ಳುವುದು, ಕೋಟಿಗಟ್ಟಲೆ ಬೆಲೆ' ಅಂತ ಕೆಳಗೆ ಬರಹ. ಮಾಟದ ಮಾತು ಪೂರ್ತಿ ಉಲ್ಟಾ. ಇದು ಗಬಾನ್ ಕಡೆಯ ಫಾಂಗ್ ಜನರ ಎನ್‌ಗಿಲ್ ಮುಖವಾಡ. ಎನ್‌ಗಿಲ್ ಅಂದರೆ ಒಂದು ಗುಟ್ಟಿನ ಕೂಟ. ಮಾಟಗಾರರನ್ನು ಪತ್ತೆಹಚ್ಚಿ ಶಿಕ್ಷಿಸುವುದೇ ಅದರ ಕೆಲಸವಾಗಿತ್ತು. ರಾತ್ರಿ ಹೊತ್ತು, ಪಂಜಿನ ಬೆಳಕಲ್ಲಿ ಮುಖವಾಡ ಊರಿಗೆ ಬರುತ್ತಿತ್ತು. ಬಳಿದ ಬಿಳಿ ಜೇಡಿಮಣ್ಣು ಸತ್ತ ಹಿರಿಯರ ಬಣ್ಣ. ನೋಡಿದವರು ಹೆದರಲಿ ಅಂತಲೇ ಹಾಗೆ ಕೆತ್ತಿದ್ದು, ಸುಮ್ನೆ ಅಲ್ಲ. ಕೊನೆಗೆ ಫ್ರೆಂಚ್ ಆಡಳಿತ ಈ ಕೂಟವನ್ನು ಹತ್ತಿಕ್ಕಿತು.

ಬೆಲೆ ಮಾತ್ರ ನಿಜ. 2022ರಲ್ಲಿ ಫ್ರಾನ್ಸಿನ ಮಾಂಪೆಲಿಯೆಯಲ್ಲಿ ಇಂಥದ್ದೊಂದು 42 ಲಕ್ಷ ಯೂರೊಗೆ ಹರಾಜಾಯಿತು. ಹಿಂದಿನ ವರ್ಷ ಹಳೇ ಸಾಮಾನಿನ ವ್ಯಾಪಾರಿ ಅದನ್ನು ಕೊಂಡಿದ್ದು ಬರೀ 150 ಯೂರೊಗೆ!