ಲಾನ್ ಬಿಡಿ, ಮುಳ್ಳಿನ ಗಿಡ ಹಚ್ಚಿ

ಕೊಪ್ಪಳದಲ್ಲಿ ಈಗ ಹೊಸ ಮನೆ ಕಟ್ಟಿಸಿದವರು ಮುಂದೆ ಲಾನ್ ಹಾಕಿಸುತ್ತಿದ್ದಾರೆ. ಬೋರ್ ನೀರು ಬೆಳಗ್ಗೆ ಸಂಜೆ ಅದಕ್ಕೇ ಹೋಗುತ್ತದೆ. ನೋಡಿದರೆ ಸಂಕಟ ಆಗುತ್ತದೆ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೀಮೆ ನಮ್ಮದು. ಇಲ್ಲಿ ಹುಲ್ಲಿಗೆ ನೀರು ಕುಡಿಸುವ ಬದಲು ಕಳ್ಳಿ, ಅಂದರೆ ಕ್ಯಾಕ್ಟಸ್, ಬೆಳೆಸಿ ಅಂತ ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ.

"ಮನಿ ಮುಂದ ಮುಳ್ಳಿನ ಗಿಡ ಹಚ್ಚಬಾರ್ದು, ಜಗಳ ಆಗ್ತಾವ" ಅಂತಾರೆ ನಮ್ಮ ದೊಡ್ಡವ್ವ. ಹಿರಿಯರ ಮಾತು ತೆಗೆದುಹಾಕುವ ಮನಸ್ಸಿಲ್ಲ. ಆದರೆ ದಸರೆಗೆ ಪೂಜೆ ಮಾಡುವ ಬನ್ನಿಗೂ ಮುಳ್ಳಿದೆ, ಶಿವನಿಗೆ ಏರಿಸುವ ಬಿಲ್ವಕ್ಕೂ ಇದೆ, ನಿಂಬೆಗೂ ಗುಲಾಬಿಗೂ ಇದೆ. ಕಳ್ಳಿಯೊಂದೇ ಏನು ತಪ್ಪು ಮಾಡಿತು?

ಬೇರೆ ಗಿಡಗಳು ಎಲೆಯ ಸಣ್ಣ ರಂಧ್ರಗಳನ್ನು ಹಗಲು ತೆರೆಯುತ್ತವೆ, ಅದರಲ್ಲೇ ನೀರು ಆವಿಯಾಗಿ ಹೋಗುತ್ತದೆ. ಕಳ್ಳಿ ರಾತ್ರಿ ತೆರೆದು ಗಾಳಿ ಎಳೆದುಕೊಂಡು, ಹಗಲು ಮುಚ್ಚಿಕೊಂಡು ಕೂರುತ್ತದೆ. ಒತ್ತೊತ್ತಾದ ಮುಳ್ಳು ಅದರ ಮೈಗೆ ನೆರಳೂ ಕೊಡುತ್ತದೆ.

ತುಂಬಾ ಜನ ಫೋನಲ್ಲಿ ಕ್ಯಾಲಿಫೋರ್ನಿಯಾ, ಬಾರ್ಸಿಲೋನಾ ಕಡೆಯ ಕಳ್ಳಿ ತೋಟಗಳನ್ನು ನೋಡಿ ಅದನ್ನೇ ಇಲ್ಲಿ ಮಾಡಲು ಹೋಗುತ್ತಾರೆ. ಅವು ಸಮುದ್ರದ ಹತ್ತಿರದ ತೋಟಗಳು. ಅಲ್ಲಿ ಬೇಸಿಗೆ ಒಣ, ಮಳೆ ಬರುವುದು ಚಳಿಗಾಲದಲ್ಲಿ. ನಮ್ಮಲ್ಲಿ ತಿರುಗುಮುರುಗು. ಮೇ ತಿಂಗಳ ರಾತ್ರಿಯಲ್ಲೂ ಗೋಡೆ ಕಾದಿರುತ್ತದೆ, ಮಳೆಯೂ ಸೆಕೆಯಲ್ಲೇ ಸುರಿಯುತ್ತದೆ. ಚಿಲಿ ದೇಶದ ಕರಾವಳಿಯ ಕೋಪಿಯಾಪೋವಾ ಅನ್ನುವ ಕಳ್ಳಿ ಮಳೆ ಅಪರೂಪವಾದ ಜಾಗದಲ್ಲಿ ಸಮುದ್ರದಿಂದ ಬರುವ ಮಂಜನ್ನು ನಂಬಿಕೊಂಡು ಬದುಕುತ್ತದೆ. ಅದನ್ನು ರಾಯಚೂರಿಗೆ ತಂದು ಕೂರಿಸುವುದು ಗಿಡಕ್ಕೆ ಹಿಂಸೆ, ಅಲ್ವಾ? ನಮಗೆ ಹೊಂದುವುದು ಮೆಕ್ಸಿಕೋದ ಒಳನಾಡಿನವು, ಯಾಕೆಂದರೆ ಅಲ್ಲೂ ಮಳೆ ಬರುವುದು ಸೆಕೆಯ ತಿಂಗಳುಗಳಲ್ಲೇ. ಚಿನ್ನದ ಬಣ್ಣದ ಮುಳ್ಳಿನ, ದುಂಡಗಿನ ಗೋಲ್ಡನ್ ಬ್ಯಾರಲ್ ಅಂಥದ್ದು. ಸುಮ್ನೆ ಹೇಳುತ್ತಿಲ್ಲ, ಸಂಜೆ ಬಿಸಿಲು ಅದರ ಮೇಲೆ ಬಿದ್ದಾಗ ಒಮ್ಮೆ ನೋಡಿ.

ಇಲ್ಲಿ ಕಳ್ಳಿ ಸಾಯುವುದು ಬಿಸಿಲಿಗಿಂತ ಜಾಸ್ತಿ ನೀರಿನಿಂದ. ಅದರಲ್ಲೂ ಸಿಂಧನೂರು, ಸಿರುಗುಪ್ಪದ ಎರೆ ಮಣ್ಣಲ್ಲಿ ನೇರವಾಗಿ ಹಚ್ಚಿದರೆ ಸೆಪ್ಟೆಂಬರ್ ಮಳೆಗೆ ಬೇರು ಕೊಳೆಯುತ್ತದೆ. ಆ ಮಣ್ಣು ನೀರು ಹಿಡಿದರೆ ಬಿಡುವುದಿಲ್ಲ. ಅದಕ್ಕೇ ಗರಸು, ಮಸಾರಿ (ಕೆಂಪು) ಮಣ್ಣು, ಸಣ್ಣ ಕಡಿ ಬೆರೆಸಿ ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ, ಅದರ ಮೇಲೆ ಹಚ್ಚಿ. ನಮ್ಮ ಸುತ್ತ ಗ್ರಾನೈಟ್ ಚೂರಿಗೆ ಬರವಿಲ್ಲ. ಮಳೆ ಮುಗಿದ ಮೇಲೆ, ನವೆಂಬರ್ ಹೊತ್ತಿಗೆ ಹಚ್ಚಿದರೆ ಬೇಸಿಗೆಯೊಳಗೆ ಬೇರು ಹಿಡಿಯುತ್ತದೆ. ನರ್ಸರಿಯಲ್ಲಿ ನೆರಳಲ್ಲಿ ಬೆಳೆದ ಗಿಡವನ್ನು ಒಮ್ಮೆಲೇ ಬಯಲಿಗೆ ತಂದರೆ ಮೈ ಸುಟ್ಟು ಬಿಳಿ ಕಲೆ ಬೀಳುತ್ತದೆ, ಅದು ಮತ್ತೆ ಹೋಗುವುದಿಲ್ಲ. ಮೊದಲ ಬೇಸಿಗೆಗೆ ಪಡುವಣ ಬಿಸಿಲು ತಡೆಯಲು ಹಸಿರು ನೆಟ್ ಕಟ್ಟಿ.

ಇನ್ನೊಂದು ವಿಷಯ. ಈ ಗೋಲ್ಡನ್ ಬ್ಯಾರಲ್ ಜಗತ್ತಿನ ತೋಟಗಳಲ್ಲೆಲ್ಲ ಸಿಗುತ್ತದೆ, ಆದರೆ ಅದರ ಸ್ವಂತ ಕಾಡಿನಲ್ಲೇ ಅಪರೂಪವಾಗಿದೆ. 1990ರ ದಶಕದಲ್ಲಿ ಮೆಕ್ಸಿಕೋದಲ್ಲಿ ಕಟ್ಟಿದ ಸಿಮಾಪಾನ್ ಡ್ಯಾಮಿನ ನೀರಿನಡಿ ಅದರ ನೆಲೆಯ ದೊಡ್ಡ ಭಾಗ ಮುಳುಗಿತು. ತುಂಗಭದ್ರಾ ಹಿನ್ನೀರಿಗೆ ಊರು ಬಿಟ್ಟವರ ನೋವು ಗೊತ್ತಿರುವ ನಮಗೆ ಇದು ನಾಟಬೇಕು. ಕಾಡಿನಿಂದ ಕಿತ್ತು ಮಾರುವವರೂ ಇದ್ದಾರೆ. 2020ರಲ್ಲಿ ಇಟಲಿಯಲ್ಲಿ ಕದ್ದು ತಂದ ಸಾವಿರಕ್ಕೂ ಹೆಚ್ಚು ಕಳ್ಳಿಗಳು ಸಿಕ್ಕವು, ಅದರಲ್ಲಿ ನೂರಾರನ್ನು ಮರುವರ್ಷ ಚಿಲಿಗೆ ವಾಪಸ್ ಕಳಿಸಿದರು. ಕೊಳ್ಳುವಾಗ ಬೀಜದಿಂದ ಬೆಳೆಸಿದ್ದೇ ಅಂತ ದಯವಿಟ್ಟು ಕೇಳಿ.

ಡಬ್ಬುಗಳ್ಳಿಯನ್ನು, ಅಂದರೆ ಪಾಪಸುಕಳ್ಳಿಯನ್ನು, ಮಾತ್ರ ಹಚ್ಚಬೇಡಿ. ಒಂದು ತುಂಡು ಬಿದ್ದರೂ ಬೇರು ಬಿಡುತ್ತದೆ. ಅದೂ ಅಮೆರಿಕ ಖಂಡದಿಂದ ಬಂದದ್ದೇ. ದಕ್ಷಿಣ ಭಾರತದ ಹೊಲಗಳನ್ನೆಲ್ಲ ಆವರಿಸಿದ್ದಾಗ, 1926ರಲ್ಲಿ ಶ್ರೀಲಂಕಾದಿಂದ ಕಳ್ಳಿಯ ರಸ ಹೀರುವ ಕೊಚಿನೀಲ್ ಹುಳ ತಂದು ಬಿಟ್ಟ ಮೇಲೆಯೇ ಅದು ಹತೋಟಿಗೆ ಬಂದದ್ದು. ಈಗಾಗಲೇ ಅಂಗಳದಲ್ಲಿದ್ದರೆ, ಕತ್ತರಿಸಿದ ತುಂಡುಗಳನ್ನು ಹಳ್ಳಕ್ಕೆ, ಹೊಲದ ಬದುವಿಗೆ ಎಸೆಯದೆ ಬಂಡೆ ಮೇಲೆ ಪೂರ್ತಿ ಒಣಗಿಸಿ ಸುಟ್ಟುಬಿಡಿ.