ಎಬಿಎಸ್ ವೈರು: ನಕ್ಷೆ ಮಿಶಿಗನ್ನಿನಲ್ಲಿ, ಕೈ ಶಿವಮೊಗ್ಗದಲ್ಲಿ

ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ ಎಬಿಎಸ್. ಡ್ಯಾಶ್‌ಬೋರ್ಡಿನಲ್ಲಿ ಅದರ ಹಳದಿ ದೀಪ ಹತ್ತಿಕೊಂಡು ಆರದೇ ಉಳಿದರೆ ಊರಿನಲ್ಲಿ ಸಿಗುವ ಮೊದಲ ಸಲಹೆ, "ಬ್ರೇಕ್ ಹಿಡೀತಿದೆಯಲ್ಲ ಮಾರಾಯ, ಓಡ್ಸು." ನಾನಿರುವ ಅಮೆರಿಕದ ಮಿಶಿಗನ್ ರಾಜ್ಯದ ಡೆಟ್ರಾಯಿಟ್ ಸುತ್ತಮುತ್ತ ಅದೇ ಮಾತು ತೆಗೆದರೆ ಪಕ್ಕದ ಮನೆಯವರು ಶನಿವಾರ ಜ್ಯಾಕ್ ತಂದುಕೊಡುತ್ತೇನೆ ಅನ್ನುತ್ತಾರೆ. ಇದನ್ನು ನೋಡಿ ಅಮೆರಿಕದವರ ಸ್ವಾವಲಂಬನೆಯನ್ನು ಹೊಗಳುವ, ನಮ್ಮವರ ಉಡಾಫೆಯನ್ನು ತೆಗಳುವ ಲೇಖನಗಳಿಗೆ ಕೊರತೆಯಿಲ್ಲ. ನನಗೆ ಹಾಗನ್ನಿಸುವುದಿಲ್ಲ. ಇಲ್ಲಿ ಜನ ಮನೆಯಲ್ಲೇ ರಿಪೇರಿಗೆ ಇಳಿಯುವುದಕ್ಕೆ ಗ್ಯಾರೇಜಿನ ಮಜೂರಿ ಒಂದು ಕಾರಣ, ಬೇಕಾದ ಮಾಹಿತಿ ಯಾರಿಗೆ ಬೇಕಾದರೂ ಸಿಗುವುದು ಇನ್ನೊಂದು. ನಮ್ಮಲ್ಲಿ ಪಳಗಿದ ಕೈಗೆ ಬರವಿಲ್ಲ, ಮಾಹಿತಿಗೆ ಬೀಗ ಹಾಕಿಟ್ಟಿದ್ದಾರೆ. ಆಮೇಲೆ ಟೇಪು ಸುತ್ತಿದ ಕೆಲಸ ನೋಡಿ ರಸ್ತೆಬದಿಯ ಎಲೆಕ್ಟ್ರಿಷಿಯನ್ನನ್ನು ಬೈಯುತ್ತೇವೆ.

"ಓಡ್ಸು" ಅನ್ನುವ ಸಲಹೆ ಪೂರ್ತಿ ಸುಳ್ಳೇನಲ್ಲ. ಎಬಿಎಸ್ ಕೆಲಸ ನಿಲ್ಲಿಸಿದರೂ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ಚಕ್ರದವರೆಗೆ ಹೋಗಿಯೇ ಹೋಗುತ್ತದೆ, ಬ್ರೇಕ್ ಹಿಡಿಯುತ್ತದೆ. ಆದರೆ ಮಳೆಯಲ್ಲೋ ಹಿಮದಲ್ಲೋ ಗಾಬರಿಯಿಂದ ಪೆಡಲ್ ತುಳಿದಾಗ ಚಕ್ರ ಲಾಕ್ ಆಗಿಬಿಡುತ್ತದೆ, ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ಗಾಡಿ ಅಡ್ಡ ಜಾರದಂತೆ ತಡೆಯುವ ಸ್ಟೆಬಿಲಿಟಿ ಕಂಟ್ರೋಲ್ ಕೂಡ ಎಬಿಎಸ್‌ನಂತೆ ಚಕ್ರದ ವೇಗ ಅಳೆಯುವ ಸೆನ್ಸರುಗಳನ್ನೇ ನಂಬಿಕೊಂಡಿರುವುದರಿಂದ ಅದೂ ಜೊತೆಯಲ್ಲೇ ಕೈಕೊಡುತ್ತದೆ. ಹಳದಿಯ ಜೊತೆಗೆ ಕೆಂಪು ಬ್ರೇಕ್ ದೀಪವೂ ಹತ್ತಿದ್ದರೆ ಓಡಿಸುವ ಮಾತೇ ಎತ್ತಬಾರದು.

ಇದು ಶ್ರೀಮಂತರ ಕಾರಿನ ಸಮಸ್ಯೆ ಅಂದುಕೊಳ್ಳುವ ಕಾಲವೂ ಹೋಯಿತು. ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ 1978ರಲ್ಲಿ ಮರ್ಸಿಡಿಸ್‌ನ ಎಸ್ ಕ್ಲಾಸಿನಲ್ಲಿ ಬಂದಾಗ ಅದು ಹಾಗಿತ್ತು. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೂ 125 ಸಿಸಿ ಮೀರಿದ ಬೈಕುಗಳಿಗೂ ಎಬಿಎಸ್ ಕಡ್ಡಾಯ. ಆಗ ಕೊಂಡ ಗಾಡಿಗಳ ವಾರಂಟಿ ಮುಗಿದಿದೆ, ಶೋರೂಂ ಸರ್ವಿಸ್ ಬಿಟ್ಟು ಪೇಟೆಯ ಗ್ಯಾರೇಜಿಗೆ ಬರುತ್ತಿವೆ. ಇನ್ನು ಹತ್ತು ವರ್ಷ ಎಬಿಎಸ್ ಸೆನ್ಸರಿನ ವೈರಿಗೆ ಕೈ ಹಾಕುವವರು ಆ ಗ್ಯಾರೇಜಿನವರೇ.

ಈ ವೈರು ಯಾಕೆ ಹಾಳಾಗುತ್ತದೆ ಅನ್ನುವುದಕ್ಕೆ ದೊಡ್ಡ ವಿದ್ಯೆ ಬೇಡ. ಸೆನ್ಸರ್ ಕೂತಿರುವುದು ಚಕ್ರದ ಹಬ್ಬಿನ ಪಕ್ಕ. ಅಲ್ಲಿಂದ ಹೊರಟ ಎರಡು ಎಳೆಯ ಕೇಬಲ್ಲು ಮಡ್‌ಗಾರ್ಡಿನ ಒಳಗೆ ನೇತಾಡಿಕೊಂಡು ಬಾಡಿಗೆ ಸೇರುತ್ತದೆ. ಸ್ಟಿಯರಿಂಗ್ ತಿರುಗಿದಾಗಲೆಲ್ಲ ಅದು ತಿರುಚಿಕೊಳ್ಳಬೇಕು, ಹಂಪು ಹಾರಿದಾಗಲೆಲ್ಲ ಮೇಲೆ ಕೆಳಗೆ ಆಡಬೇಕು, ಚಕ್ರ ಎರಚುವ ಕೆಸರನ್ನೂ ತಾಳಿಕೊಳ್ಳಬೇಕು. ಮಿಶಿಗನ್ನಿನಲ್ಲಿ ಇದರ ಮೇಲೆ ಉಪ್ಪು ಬೇರೆ. ಡೆಟ್ರಾಯಿಟ್ ನಗರದ ಅಡಿಯಲ್ಲೇ ಸಾವಿರ ಅಡಿಗೂ ಆಳದಲ್ಲಿ ಉಪ್ಪಿನ ಗಣಿಯಿದೆ. ಹಿಮ ಕರಗಲೆಂದು ಚಳಿಗಾಲದುದ್ದಕ್ಕೂ ರಸ್ತೆಗೆ ಸುರಿಯುವುದು ಅಂಥ ಕಲ್ಲುಪ್ಪನ್ನೇ. ಕನೆಕ್ಟರಿನೊಳಗೆ ಉಪ್ಪುನೀರು ಒಮ್ಮೆ ಇಳಿಯಿತೆಂದರೆ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಸೆನ್ಸರ್ ಕೂರುವ ಲೋಹದ ಜಾಗವೇ ತುಕ್ಕಿನಿಂದ ಉಬ್ಬಿ, ಸೆನ್ಸರಿಗೂ ಚಕ್ರದ ಜೊತೆ ತಿರುಗುವ ಹಲ್ಲಿನ ಉಂಗುರಕ್ಕೂ ನಡುವಿನ ಅಂತರ ಹೆಚ್ಚಿ, ನಿಲ್ಲಬೇಕಾದ ಕಡೆ ಎಬಿಎಸ್ ಸುಮ್ಮಸುಮ್ಮನೆ ಕೆಲಸ ಶುರು ಮಾಡುವುದೂ ಉಂಟು. ಇದೇ ತೊಂದರೆಗೆ 2005ರಲ್ಲಿ ಜನರಲ್ ಮೋಟಾರ್ಸ್ ಉಪ್ಪು ಸುರಿಯುವ ರಾಜ್ಯಗಳಲ್ಲಿದ್ದ ಸುಮಾರು 8 ಲಕ್ಷ ಪಿಕಪ್ ಮತ್ತು ಎಸ್‌ಯುವಿಗಳನ್ನು ವಾಪಸು ಕರೆಸಿಕೊಂಡಿತ್ತು.

ಮಲೆನಾಡಿನಲ್ಲಿ ಉಪ್ಪಿಲ್ಲ, ಇಲಿ ಇದೆ, ನಾಲ್ಕು ತಿಂಗಳ ಕೆಸರಿದೆ. ಆದರೆ ಎರಡೂ ಕಡೆ ನಾನು ಹೆಚ್ಚಾಗಿ ಕಂಡಿರುವ ಕಾರಣ ಬೇರೆಯೇ: ಸಸ್ಪೆನ್ಷನ್ ಕೆಲಸವೋ ಬೇರಿಂಗ್ ಕೆಲಸವೋ ಆದಮೇಲೆ ಕೇಬಲ್ಲಿನ ಕ್ಲಿಪ್ಪನ್ನು ಯಾರೂ ವಾಪಸು ಸಿಕ್ಕಿಸುವುದಿಲ್ಲ. ಬಿಟ್ಟ ಕೇಬಲ್ಲು ಟೈರಿಗೆ ಉಜ್ಜಿ ಉಜ್ಜಿ ಸವೆಯುತ್ತದೆ. ಒಂದು ಪ್ಲಾಸ್ಟಿಕ್ ಕ್ಲಿಪ್ಪಿನ ಸೋಮಾರಿತನ, ಅಷ್ಟೇ.

ಮನೆಯಲ್ಲಿ ಹುಡುಕುವ ಕ್ರಮ ಹೀಗೆ. ಎಂಜಿನ್ನಿನ ದೋಷದ ಕೋಡ್ ಮಾತ್ರ ಓದುವ ಅಗ್ಗದ ಸ್ಕ್ಯಾನರ್ ಸಾಲದು, ಎಬಿಎಸ್ ಕೋಡನ್ನೂ ಓದುವಂಥದ್ದು ಬೇಕು. ಸಿ0035 ಎಂದು ಬಂತು ಅನ್ನಿ. ಎಷ್ಟೋ ಗಾಡಿಗಳಲ್ಲಿ ಅದರ ಅರ್ಥ ಎಡ ಮುಂದಿನ ಚಕ್ರದ ಸೆನ್ಸರ್ ಸರ್ಕ್ಯೂಟು. ಸರ್ಕ್ಯೂಟು ಎಂದರೆ ಸೆನ್ಸರು, ಕೇಬಲ್ಲು, ಕನೆಕ್ಟರು, ಮಾಡ್ಯೂಲಿನವರೆಗಿನ (ಅಂದರೆ ಎಬಿಎಸ್ಸಿನ ಕಂಪ್ಯೂಟರಿನವರೆಗಿನ) ವೈರು ಎಲ್ಲವೂ. ಇಲ್ಲಿನ ನೆರೆಹೊರೆಯವರಲ್ಲಿ ಅರ್ಧದಷ್ಟು ಜನ ಕೋಡ್ ನೋಡಿದ ಕೂಡಲೇ ಸೆನ್ಸರ್ ಕೊಂಡು ತರುತ್ತಾರೆ. ದೀಪ ಆರದಿದ್ದರೆ ಇನ್ನೊಂದು ಕಂಪನಿಯ ಸೆನ್ಸರ್ ತರುತ್ತಾರೆ. ಮಲ್ಟಿಮೀಟರ್ ಆಮೇಲೆ ಹೊರಗೆ ಬರುತ್ತದೆ.

ಹಳೆಯ ಬಗೆಯ, ಬರೀ ಸುರುಳಿ ಮತ್ತು ಅಯಸ್ಕಾಂತದ ಸೆನ್ಸರಾದರೆ ಪರೀಕ್ಷೆ ಸುಲಭ. ಕನೆಕ್ಟರ್ ಬಿಚ್ಚಿ ಸೆನ್ಸರಿನ ಎರಡು ಪಿನ್ನಿಗೆ ಮೀಟರ್ ಇಟ್ಟರೆ ಸಾಮಾನ್ಯವಾಗಿ ಸಾವಿರ, ಎರಡು ಸಾವಿರ ಓಮ್‌ನ ಆಸುಪಾಸು ತೋರಿಸುತ್ತದೆ. ಚಕ್ರವನ್ನು ಕೈಯಲ್ಲೇ ತಿರುಗಿಸಿದರೆ ಚೂರು ಎಸಿ ವೋಲ್ಟೇಜ್ ಹುಟ್ಟುತ್ತದೆ. ಈಚಿನ ಗಾಡಿಗಳಲ್ಲಿರುವ ಆಕ್ಟಿವ್ ಸೆನ್ಸರಿಗೆ ಓಮ್ ಅಳೆಯಲು ಹೋಗಬಾರದು. ಅದರೊಳಗೆ ಚಿಪ್ ಇದೆ. ಮಾಡ್ಯೂಲಿನಿಂದ ಕರೆಂಟು ಬಂದರೆ ಮಾತ್ರ ಅದು ಬದುಕುತ್ತದೆ, ಬಹುಪಾಲು ಗಾಡಿಗಳಲ್ಲಿ 7 ಮತ್ತು 14 ಮಿಲಿಆಂಪಿಯರ್ ನಡುವೆ ಜಿಗಿಯುತ್ತ ಚಕ್ರದ ವೇಗ ಹೇಳುತ್ತದೆ. ಇಲ್ಲಿ ಮೊದಲು ನೋಡಬೇಕಾದದ್ದು ಕೀ ಆನ್ ಮಾಡಿದಾಗ ಕನೆಕ್ಟರಿನ ವೈರಿಂಗ್ ಕಡೆಗೆ ಸಪ್ಲೈ ಬರುತ್ತಿದೆಯೇ ಅನ್ನುವುದನ್ನು. ಬರದಿದ್ದರೆ ಬಹುತೇಕ ವೈರಿನದೇ ದೋಷ, ಹೊಸ ಸೆನ್ಸರಿಗೆ ಹಾಕುವ ದುಡ್ಡು ದಂಡ. ಮೀಟರಿನ ಕಡ್ಡಿಗಳನ್ನು ಹಾಗೇ ಇಟ್ಟುಕೊಂಡು ಕೇಬಲ್ಲನ್ನು ಗೇಣು ಗೇಣಿಗೆ ಬಾಗಿಸುತ್ತ ಹೋದರೆ ಒಂದು ಕಡೆ ಅಂಕಿ ಹಾರಿಬಿಡುತ್ತದೆ. ಮೇಲಿನ ರಬ್ಬರ್ ಹೊಚ್ಚಹೊಸದರಂತೆ ಕಂಡರೂ ತಾಮ್ರ ಕಡಿದಿರುವುದು ಅಲ್ಲೇ. (ಗಾಡಿಯನ್ನು ಬರೀ ಜ್ಯಾಕಿನ ಮೇಲೆ ನಿಲ್ಲಿಸಿ ಇದನ್ನೆಲ್ಲ ಮಾಡುವವರನ್ನು ಇಲ್ಲೂ ನೋಡಿದ್ದೇನೆ. ಸ್ಟ್ಯಾಂಡ್ ಇಡದೆ ಚಕ್ರದ ಹತ್ತಿರ ತಲೆ ಹಾಕುವುದು ಮೂರ್ಖತನ.)

ಇನ್ನು ಜೋಡಿಸುವ ಕೆಲಸ. ಸೆನ್ಸರಿನ ಜೊತೆಗೇ ಬರುವ ಕೇಬಲ್ಲು ಕಡಿದಿದ್ದರೆ ಅದನ್ನು ಜೋಡಿಸಬಾರದು, ಪೂರ್ತಿ ಬದಲಾಯಿಸಬೇಕು ಅನ್ನುವುದು ನನ್ನ ನಿಲುವು. ಅನೇಕ ಕಂಪನಿಗಳ ಕೈಪಿಡಿಯೂ ಅದನ್ನೇ ಹೇಳುತ್ತದೆ. ಸದಾ ಬಾಗುವ ಜಾಗದಲ್ಲಿ ಯಾವ ಜೋಡಣೆಯೂ ಬಹುಕಾಲ ನಿಲ್ಲುವುದಿಲ್ಲ. ಕನೆಕ್ಟರಿನಿಂದ ಆಚೆ, ಬಾಡಿಯ ಕಡೆಯ ವೈರು ಹೋಗಿದ್ದರೆ ಜೋಡಿಸಬಹುದು. ಬೆಸುಗೆ ಹಾಕಬೇಕೋ ಕ್ರಿಂಪ್ ಮಾಡಬೇಕೋ (ಲೋಹದ ಕೊಳವೆಯೊಳಗಿಟ್ಟು ಒತ್ತಿ ಬಿಗಿಯಬೇಕೋ) ಎಂಬ ಜಗಳ ಮುಗಿಯುವಂಥದ್ದಲ್ಲ. ನಾನು ಕ್ರಿಂಪಿನ ಪಕ್ಷ: ಬೆಸುಗೆಯ ಸೀಸ ಎಳೆಗಳ ಒಳಗೆ ಹರಿದು ವೈರನ್ನು ಕಡ್ಡಿಯಂತೆ ಗಟ್ಟಿ ಮಾಡುತ್ತದೆ, ಆ ಗಟ್ಟಿ ಭಾಗ ಮುಗಿಯುವ ಅಂಚಿನಲ್ಲೇ ಅದು ಮುಂದೆ ಮುರಿಯುವುದು. ಕಿಲುಬು ಹಿಡಿದ ತಾಮ್ರವನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಬೇಕು. ಎರಡು ಎಳೆಯ ಜೋಡಣೆಗಳು ಅಕ್ಕಪಕ್ಕ ಬರದಂತೆ ಒಂದನ್ನು ಮುಂದೆ, ಒಂದನ್ನು ಹಿಂದೆ ಮಾಡಬೇಕು. ಒಳಗೆ ಅಂಟು ಇರುವ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ, ಎರಡೂ ತುದಿಯಲ್ಲಿ ಅಂಟು ಜಿನುಗುವವರೆಗೆ ಬಿಸಿ ಮಾಡಬೇಕು. ಎರಡು ಎಳೆ ಒಂದಕ್ಕೊಂದು ಸುತ್ತಿಕೊಂಡಿದ್ದವಾದರೆ ಆ ಸುತ್ತು ಮತ್ತೆ ಬರಬೇಕು, ಯಾಕೆಂದರೆ ಪಕ್ಕದ ವೈರುಗಳ ಗದ್ದಲ ಸಿಗ್ನಲಿಗೆ ಸೇರದಂತೆ ತಡೆಯುವುದು ಅದೇ. ಕೊನೆಗೆ ಆ ಕ್ಲಿಪ್ಪು.

ಶಿವಮೊಗ್ಗದಲ್ಲಿ ನಮ್ಮ ಭಾವನ ಕಾರಿಗೆ ಇದೇ ರೋಗ ಬಂತು. ಶೋರೂಮಿನವರು ವೈರಿಂಗ್ ಸೆಟ್ಟನ್ನೇ ಬದಲಾಯಿಸಬೇಕೆಂದು ದೊಡ್ಡ ಪಟ್ಟಿ ಕೊಟ್ಟರು. ಭಾವ ಸಾಗರ ರಸ್ತೆಯ ಕಡೆಯ ಒಬ್ಬ ಎಲೆಕ್ಟ್ರಿಷಿಯನ್ ಹತ್ತಿರ ಗಾಡಿ ಒಯ್ದು, ಅಲ್ಲಿಂದಲೇ ನನಗೆ ವಿಡಿಯೋ ಕರೆ ಮಾಡಿದರು. ವೈರಿನ ನಕ್ಷೆ ಕಳಿಸೋಣವೆಂದರೆ ಆ ಮಾಡೆಲ್ ಅಮೆರಿಕದಲ್ಲಿ ಮಾರಾಟಕ್ಕೇ ಇಲ್ಲ. ಆತ ನಕ್ಷೆಗೆ ಕಾಯಲೂ ಇಲ್ಲ. ಬಲ ಮುಂದಿನ ಚಕ್ರದ ಕನೆಕ್ಟರ್ ಬಿಚ್ಚಿ, ಸರಿಯಿರುವ ಎಡ ಚಕ್ರದ ಸಪ್ಲೈಯನ್ನು ಮೊದಲು ಅಳೆದು ಅದರ ಜೊತೆ ಹೋಲಿಸಿದ. ಮಾಡ್ಯೂಲಿನ ದೊಡ್ಡ ಕನೆಕ್ಟರ್ ತೆಗೆದು, ವೈರಿನ ಬಣ್ಣ ನೋಡಿ, ವೈರು ಕಡಿಯದಿದ್ದರೆ ಸದ್ದು ಮಾಡುವ ಬಜರ್ ಹಾಕಿ ಒಂದೊಂದೇ ಪಿನ್ ಮುಟ್ಟುತ್ತ ಹೋದ. "ಸೆನ್ಸರ್ ಚೆನ್ನಾಗೈತೆ ಸಾರ್, ಬ್ಯಾಟರಿ ಟ್ರೇ ಕೆಳಗೆ ಇಲಿ ಕಡಿದೈತೆ" ಅಂದ. ಟ್ರೇ ಎತ್ತಿದರೆ ಹಾಗೇ ಇತ್ತು. ನಕ್ಷೆ ಕೈಯಲ್ಲಿದ್ದರೂ ನನ್ನಿಂದ ಅಷ್ಟು ಬೇಗ ಆಗುತ್ತಿರಲಿಲ್ಲ.

ಜೋಡಿಸಿದ್ದು ಮಾತ್ರ ಹಳೆಯ ರೀತಿಯಲ್ಲಿ, ಎಳೆ ತಿರುಚಿ ಕಪ್ಪು ಟೇಪು ಸುತ್ತಿ. ಅಂಟಿನ ಸ್ಲೀವ್ ಹಾಕಿ ಅಂತ ನಾನು ವಿಡಿಯೋದಲ್ಲೇ ಕೇಳಿಕೊಂಡೆ. ಆತ ಸಿಟ್ಟಾಗಲಿಲ್ಲ. ಅಂಟಿಲ್ಲದ ಸ್ಲೀವ್ ಗೊತ್ತು, ಅಂಟಿರುವಂಥದ್ದನ್ನು ಯಾರೂ ತೋರಿಸಿಲ್ಲ ಅಂದ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ವಸ್ತು ಅದು. ಭಾವ ಅದನ್ನು ತರಿಸಿಕೊಟ್ಟ ಮೇಲೆ ಆತ ಟೇಪು ಬಿಚ್ಚಿ ಮತ್ತೆ ಮಾಡಿಕೊಟ್ಟ, ಮಿಕ್ಕ ಸ್ಲೀವನ್ನು ತನ್ನ ಡಬ್ಬಿಗೆ ಹಾಕಿಕೊಂಡ.

ಇಲ್ಲಿ ಸಿಗುವ ಮಾಹಿತಿಯೂ ಪುಕ್ಕಟೆ ಬಂದದ್ದಲ್ಲ. ಮ್ಯಾಸಚೂಸೆಟ್ಸ್ ರಾಜ್ಯ 2012ರಲ್ಲಿ ವಾಹನ ದುರಸ್ತಿಯ ಹಕ್ಕಿಗೆ ಕಾನೂನು ಮಾಡಿತು. ರಾಜ್ಯಕ್ಕೊಂದು ಕಾನೂನು ಎದುರಿಸುವುದಕ್ಕಿಂತ ಇದೇ ವಾಸಿ ಎಂದು 2014ರಲ್ಲಿ ಕಾರು ಕಂಪನಿಗಳು ದೇಶಕ್ಕೆಲ್ಲ ಅನ್ವಯಿಸುವ ಒಪ್ಪಂದಕ್ಕೆ ಸಹಿ ಹಾಕಿದವು. ಈಗ ಒಂದೆರಡು ದಿನಕ್ಕೆ ಚಂದಾ ಕಟ್ಟಿದರೆ ಕಂಪನಿಯ ಅಧಿಕೃತ ಕೈಪಿಡಿ, ವೈರಿಂಗ್ ನಕ್ಷೆ ಎರಡೂ ತೆರೆಯುತ್ತವೆ. ಎಷ್ಟೋ ಊರುಗಳಲ್ಲಿ ಸಾರ್ವಜನಿಕ ಗ್ರಂಥಾಲಯದ ಕಾರ್ಡೇ ಸಾಕು. ಭಾರತದಲ್ಲೂ ಇದು ಯಾರಿಗೂ ಹೊಳೆಯದ ವಿಷಯವಲ್ಲ. ಬಿಡಿಭಾಗ, ಕೈಪಿಡಿ, ಪರೀಕ್ಷಾ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ₹2,544 ಕೋಟಿ ದಂಡ ಹಾಕಿತು. ಪ್ರಕರಣ ಕೋರ್ಟುಗಳ ಮೆಟ್ಟಿಲು ಹತ್ತಿತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿ ಹಕ್ಕಿನ ಪೋರ್ಟಲ್ ತೆರೆಯಿತು, ವಾಹನಗಳನ್ನೂ ಅದರಲ್ಲಿ ಸೇರಿಸಿತು. ಸಾಗರ ರಸ್ತೆಯ ಅಂಗಡಿಯವರೆಗೆ ಇದ್ಯಾವುದೂ ತಲುಪಿಲ್ಲ.

ಹಾಗಂತ ಮಿಶಿಗನ್ ಮಾದರಿಯನ್ನು ಹಾಗೇ ಎತ್ತಿ ತನ್ನಿ ಎಂದು ನಾನು ಹೇಳುವುದಿಲ್ಲ. ದುಡ್ಡು ತೆಗೆದುಕೊಂಡು ಬ್ರೇಕ್ ಕೆಲಸ ಮಾಡುವ ಮೆಕ್ಯಾನಿಕ್‌ಗೆ ಇಲ್ಲಿ ರಾಜ್ಯದ ಪ್ರಮಾಣಪತ್ರ ಬೇಕು, 1974ರಿಂದ ಅದಕ್ಕೊಂದು ಕಾನೂನೇ ಇದೆ. ಮನೆಯಂಗಳದಲ್ಲಿ ಮಾಡಿಕೊಳ್ಳುವವನಿಗೆ ಏನೂ ಬೇಕಿಲ್ಲ. ಖಾಸಗಿ ಕಾರುಗಳಿಗೆ ವರ್ಷಕ್ಕೊಮ್ಮೆ ಸುರಕ್ಷತಾ ತಪಾಸಣೆಯೂ ಇಲ್ಲ. ಎಬಿಎಸ್ ದೀಪದ ಮೇಲೆ ಕಪ್ಪು ಪಟ್ಟಿ ಅಂಟಿಸಿಕೊಂಡು ವರ್ಷಗಟ್ಟಲೆ ಹೆದ್ದಾರಿಯಲ್ಲಿ ಓಡಾಡುವವರನ್ನು ನಾನು ಬಲ್ಲೆ. ಬ್ರಿಟನ್ನಿನಲ್ಲಾದರೆ ಹಾಗೆ ನಡೆಯದು, ಆ ದೀಪ ಉರಿಯುತ್ತಿದ್ದರೆ ವಾರ್ಷಿಕ ತಪಾಸಣೆಯಲ್ಲಿ ಗಾಡಿ ಫೇಲು. ಕರ್ನಾಟಕದಲ್ಲಿ ಖಾಸಗಿ ಕಾರು ಆರ್‌ಟಿಒ ಮುಂದೆ ನಿಲ್ಲುವುದು ಹದಿನೈದು ವರ್ಷ ತುಂಬಿ ನೋಂದಣಿ ನವೀಕರಿಸುವಾಗ.

ತಪಾಸಣೆ ಬರುವಾಗ ಬರಲಿ. ಅದಕ್ಕಿಂತ ಮೊದಲೇ, ಅಗ್ಗದಲ್ಲಿ ಆಗಬಹುದಾದದ್ದು ಒಂದಿದೆ: ಭಾರತದಲ್ಲಿ ಮಾರುವ ಪ್ರತಿ ಮಾಡೆಲಿನ ಬ್ರೇಕ್ ವೈರಿಂಗ್ ನಕ್ಷೆ ಮತ್ತು ಜೋಡಣೆಯ ಸೂಚನೆಯನ್ನು ಕಂಪನಿಗಳು ದಿನದ ಬಾಡಿಗೆಗೆ ಕೊಡಲಿ, ನೂರೋ ಇನ್ನೂರೋ ರೂಪಾಯಿಗೆ, ಫೋನಿನಲ್ಲಿ ತೆರೆಯುವಂತೆ, ಕನ್ನಡದಲ್ಲೂ ಓದುವಂತೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಮಾರುವವರು, ಶಿವಮೊಗ್ಗದಲ್ಲಿ ಬಜರ್ ಹಿಡಿದು ಕೂತವರು ಅದಕ್ಕೆ ದುಡ್ಡು ಕೊಡಲು ಹಿಂದೆಮುಂದೆ ನೋಡುವುದಿಲ್ಲ. ಒಂದು ಸೆನ್ಸರ್ ಸುಮ್ಮನೆ ಬದಲಾಯಿಸುವುದು ತಪ್ಪಿದರೂ ಗಿರಾಕಿಗೆ ಆ ಬಾಡಿಗೆಯ ಹತ್ತು ಪಟ್ಟು ಉಳಿಯುತ್ತದೆ.