ಒಂದೂವರೆ ಗಂಟೆಯ ಬೆಂಗಳೂರು, ಹತ್ತೂವರೆ ಗಂಟೆಯ ಹಾಸನ

ಕೊಲಂಬೊದಲ್ಲಿ ನೆಲೆಸಿದ ಮೇಲೆ ನಾನು ಪದೇಪದೇ ಕೇಳಿರುವ ಮಾತೆಂದರೆ, ‘ನಿಮಗೇನು, ಒಂದೂವರೆ ಗಂಟೆಯಲ್ಲಿ ಊರು ಸೇರುತ್ತೀರಿ’ ಎಂಬುದು. ಭೂಪಟವನ್ನು ನೋಡಿದರೆ ಈ ಮಾತು ಸುಳ್ಳಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೂ ಕೊಲಂಬೊದ ಕಟುನಾಯಕೆ ನಿಲ್ದಾಣಕ್ಕೂ ನಡುವಿನ ನೇರ ಅಂತರ ಸುಮಾರು 700 ಕಿ.ಮೀ.; ಬೆಂಗಳೂರಿನಿಂದ ದೆಹಲಿಗೆ ಇರುವ ಅಂತರ ಇದರ ಎರಡು ಪಟ್ಟಿಗೂ ಹೆಚ್ಚು. ಆದರೆ ನನ್ನ ಊರು ಬೆಂಗಳೂರಲ್ಲ, ಹಾಸನ.

ಆ ಒಂದೂವರೆ ಗಂಟೆಯನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಗಂಟೆಗೆ ಸುಮಾರು 800 ಕಿ.ಮೀ. ವೇಗದಲ್ಲಿ ಹಾರುವ ವಿಮಾನಕ್ಕೆ ಇಷ್ಟು ದೂರಕ್ಕೆ ಒಂದು ಗಂಟೆಯೂ ಬೇಡವೆಂದು ಲೆಕ್ಕ ಹೇಳುತ್ತದೆ. ಆದರೆ ಏರುವಾಗ ಇಳಿಯುವಾಗ ಆ ವೇಗ ಇರುವುದಿಲ್ಲ, ಟಿಕೆಟ್ಟಿನಲ್ಲಿ ನಮೂದಾಗುವ ಅವಧಿಯಾದರೋ ವಿಮಾನ ನಿಂತ ಜಾಗದಿಂದ ಕದಲಿದ ಗಳಿಗೆಯಿಂದ ಇನ್ನೊಂದೆಡೆ ಬಂದು ನಿಲ್ಲುವವರೆಗಿನದು. ಗಡಿಯಾರದ ತೊಡಕು ಮಾತ್ರ ನಮಗಿಲ್ಲ, ಏಕೆಂದರೆ 2006ರಲ್ಲಿ ಶ್ರೀಲಂಕಾ ಮತ್ತೆ ಭಾರತದ ಸಮಯಕ್ಕೇ ಮರಳಿತು. ದೆಹಲಿಯಿಂದ ಕಾಠ್ಮಂಡುವಿಗೆ ಹೋಗುವವರ ಪಾಡು ಬೇರೆ: ನೇಪಾಳದ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದಿರುವುದರಿಂದ, ಟಿಕೆಟ್ಟಿನ ಎರಡು ಹೊತ್ತುಗಳನ್ನು ಕಳೆದು ನೋಡಿದವರಿಗೆ ಹೋಗುವ ದಾರಿ ಅಷ್ಟು ಉದ್ದವಾಗಿಯೂ ಬರುವ ದಾರಿ ಅಷ್ಟು ಮೋಟಾಗಿಯೂ ಕಾಣುತ್ತದೆ.

ಹಾಸನದ ನನ್ನ ಚಿಕ್ಕಪ್ಪನವರಿಗೆ ಈ ಯಾವ ಲೆಕ್ಕವೂ ಬೇಡ. ನಾನು ಹೊರಟೆನೆಂದು ತಿಳಿದರೆ ಅವರು ಫೋನಿನಲ್ಲಿ ಕೇಳುವುದು ಒಂದೇ, ‘ಎಲ್ಲಿಗೆ ಬಂದೆ?’ ಕುಣಿಗಲ್ ಎಂದರೆ ಇನ್ನೂ ಹೊತ್ತಿದೆಯೆಂದು ಸುಮ್ಮನಾಗುತ್ತಾರೆ, ಯಡಿಯೂರು ಎಂದರೆ ಅಡುಗೆಮನೆಗೆ ಸುದ್ದಿ ಮುಟ್ಟಿಸುತ್ತಾರೆ, ಚನ್ನರಾಯಪಟ್ಟಣ ದಾಟಿದೆ ಎಂದರೆ ಅನ್ನಕ್ಕೆ ಎಸರಿಡಿಸುತ್ತಾರೆ. ಹರಿದಾರಿ, ಗಾವುದಗಳಲ್ಲಿ ದೂರ ಹೇಳುತ್ತಿದ್ದ ಹಿರಿಯರ ಮನೆಯಲ್ಲಿ ಬೆಳೆದ ಅವರಿಗೆ ದೂರವೆಂದರೆ ಹೊಸ್ತಿಲಿನಿಂದ ಹೊಸ್ತಿಲಿಗೆ ಇರುವ ದೂರ.

ಅವರ ಈ ಕ್ರಮವೇ ಹೆಚ್ಚು ಪ್ರಾಮಾಣಿಕವಾದುದೆಂದು ನನ್ನ ಅನಿಸಿಕೆ. ಮನೆಯಿಂದ ಕಟುನಾಯಕೆಗೆ ಒಂದು ಗಂಟೆ, ವಿದೇಶ ಪ್ರಯಾಣವೆಂದು ಮೂರು ಗಂಟೆ ಮುಂಚಿತವಾಗಿ ಹಾಜರಿ, ಹಾರಾಟ ಒಂದೂವರೆ ಗಂಟೆ, ಇಳಿದ ಮೇಲೆ ಪಾಸ್‌ಪೋರ್ಟಿನ ಸಾಲಿಗೂ ಪೆಟ್ಟಿಗೆಗೂ ಒಂದು ಗಂಟೆ, ಅಲ್ಲಿಂದ ನೆಲಮಂಗಲದ ಮೇಲೆ ಹಾಸನಕ್ಕೆ ಸುಮಾರು 200 ಕಿ.ಮೀ., ಅಂದರೆ ನಾಲ್ಕು ಗಂಟೆ. ಒಟ್ಟು ಹತ್ತೂವರೆ. ಮುಕ್ಕಾಲು ಪಾಲು ದೂರವನ್ನು ವಿಮಾನ ಒಂದೂವರೆ ಗಂಟೆಯಲ್ಲಿ ಮುಗಿಸುತ್ತದೆ. ಉಳಿದ ಕಾಲು ಪಾಲು ದೂರ ಮತ್ತು ಕಾಯುವಿಕೆ ಒಂಬತ್ತು ಗಂಟೆಗಳನ್ನು ನುಂಗುತ್ತವೆ. 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳದ ಮೇಲಿನ ರೈಲುಮಾರ್ಗ ತೆರೆದು ಬೆಂಗಳೂರು ಹಾಸನಕ್ಕೆ ಹತ್ತಿರವಾಯಿತೆಂಬುದು ನಿಜವಾದರೂ, ದೇವನಹಳ್ಳಿಯಲ್ಲಿ ಪೆಟ್ಟಿಗೆ ಹಿಡಿದು ನಿಂತವನು ಆ ರೈಲಿಗಾಗಿ ಮೊದಲು ನಗರಕ್ಕೆ ಹೋಗಬೇಕು.

ಕೊಲಂಬೊದ ಗೆಳೆಯರು ಹೇಳುವ ಒಂದೂವರೆ ಗಂಟೆ ವಿಮಾನದ ಪ್ರಯಾಣವೇ ಹೊರತು ನನ್ನದಲ್ಲ. ಅದನ್ನು ನಂಬಿ ಮೊದಲ ಸಲ ‘ಮಧ್ಯಾಹ್ನದ ಊಟಕ್ಕೆ ಬರುತ್ತೇನೆ’ ಎಂದು ಹೇಳಿ, ದೀಪ ಹಚ್ಚುವ ಹೊತ್ತಿಗೆ ಊರು ಸೇರಿದವನು ನಾನು. ಈಗ ಚಿಕ್ಕಪ್ಪನವರಿಗೆ ವಿಮಾನ ಹೊರಡುವ ಹೊತ್ತನ್ನೇ ಹೇಳುವುದಿಲ್ಲ. ಯಡಿಯೂರು ಬಂದಾಗ ಫೋನ್ ಮಾಡುತ್ತೇನೆ.